ಕೆಂಪು ದೀಪ ಯಾರಿಗಾಗಿ?



ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲನ್ನು ನೀವು ನೋಡಿದ್ದೀರಿ. ನಲ್ಲಿ ಒಂದೇ. ಕೊಡಗಳು ಇಪ್ಪತ್ತು. ಎಲ್ಲರೂ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ? ಜಗಳ ಆಗುತ್ತದೆ. ಕೊಡ ಉರುಳುತ್ತದೆ. ನೀರು ಚೆಲ್ಲಿ ಹೋಗುತ್ತದೆ. ಯಾರಿಗೂ ನೀರು ಸಿಕ್ಕುವುದಿಲ್ಲ. ಅದಕ್ಕೇ ನಾವು ಸರದಿ ಮಾಡಿಕೊಂಡಿದ್ದೇವೆ. "ಈಗ ನಿನ್ನ ಸರದಿ, ಆಮೇಲೆ ನನ್ನದು" ಅನ್ನುತ್ತೇವೆ.

ನಾಲ್ಕು ರಸ್ತೆ ಕೂಡುವ ಜಾಗವೂ ಹೀಗೆಯೇ. ನಾಲ್ಕು ಕಡೆಯಿಂದ ಗಾಡಿ ಬರುತ್ತವೆ. ನಡುವೆ ಇರುವ ಜಾಗ ಒಂದೇ. ಅಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಉರುಳುವುದು ಕೊಡ ಅಲ್ಲ, ಮನುಷ್ಯರು. ಚೆಲ್ಲುವುದು ನೀರಲ್ಲ, ರಕ್ತ. ಅದಕ್ಕೇ ಅಲ್ಲಿ ಸರದಿ ಹೇಳುವ ದೀಪ ಇಟ್ಟಿದ್ದಾರೆ. ಅದನ್ನೇ ನಾವು ಸಿಗ್ನಲ್ ಅನ್ನುತ್ತೇವೆ.

ಈಗ ಪಟ್ಟಣಗಳಲ್ಲಿ ಆ ದೀಪದ ಹತ್ತಿರ ಕ್ಯಾಮೆರಾ ಕೂಡ ಬಂದಿದೆ. ಅದು ಏನು ಮಾಡುತ್ತದೆ? ಅದರಿಂದ ನಮ್ಮ ಮನೆಗೆ ಏನು ಬರುತ್ತದೆ? ಈ ಪಾಠದಲ್ಲಿ ತಿಳಿದುಕೊಳ್ಳೋಣ.

ದೀಪ ಬಂದ ಬಗೆ

ರಸ್ತೆಗೆ ಸಿಗ್ನಲ್ ದೀಪ ಮೊದಲು ಬಂದದ್ದು ಇಂಗ್ಲೆಂಡ್ ದೇಶದ ಲಂಡನ್ ಪಟ್ಟಣದಲ್ಲಿ. ಅದು 1868ನೇ ಇಸವಿ. ಆಗ ಕಾರು ಇರಲಿಲ್ಲ. ಕುದುರೆ ಗಾಡಿಗಳ ಕಾಲ ಅದು. ಪಾರ್ಲಿಮೆಂಟಿನ ಹತ್ತಿರ ಗಾಡಿಗಳ ಓಡಾಟ ಹೆಚ್ಚಾಗಿ ಜನರಿಗೆ ರಸ್ತೆ ದಾಟುವುದೇ ಕಷ್ಟವಾಗಿತ್ತು. ಅಲ್ಲಿ ಒಂದು ಕಂಬ ನೆಟ್ಟರು. ರಾತ್ರಿ ಹೊತ್ತು ಅದರಲ್ಲಿ ಕೆಂಪು ಮತ್ತು ಹಸಿರು ದೀಪ ಉರಿಸಿದರು. ಅದು ಗ್ಯಾಸ್ ದೀಪ. 1869ರ ಜನವರಿಯಲ್ಲಿ ಗ್ಯಾಸ್ ಸಿಡಿದು ಅದು ಹಾಳಾಯಿತು. ಮುಂದೆ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ ಕರೆಂಟಿನಿಂದ ಉರಿಯುವ ಸಿಗ್ನಲ್ ಬಂತು.

ಒಂದು ಮಾತು ಗಮನಿಸಿ. ಮೊದಲ ದೀಪ ಬಂದದ್ದು ದಂಡ ಹಾಕುವುದಕ್ಕಲ್ಲ. ನಡೆದು ಹೋಗುವ ಜನರೂ ಬದುಕಿ ದಾಟಲಿ ಎಂದು ಬಂತು.

ಮೂರು ಬಣ್ಣ, ಒಂದು ಗೆರೆ

ಸಿಗ್ನಲ್‌ನಲ್ಲಿ ಮೂರು ಬಣ್ಣ ಇವೆ.

ಕೆಂಪು: ನಿಲ್ಲಿ.
ಹಳದಿ: ನಿಲ್ಲಲು ಸಿದ್ಧವಾಗಿ.
ಹಸಿರು: ನೋಡಿಕೊಂಡು ಹೋಗಿ.

ಕೆಂಪು ದೀಪ ಬಂದಾಗ ಎಲ್ಲಿ ನಿಲ್ಲಬೇಕು? ರಸ್ತೆಯ ಮೇಲೆ ಅಡ್ಡಲಾಗಿ ಒಂದು ದಪ್ಪ ಬಿಳಿ ಗೆರೆ ಎಳೆದಿರುತ್ತಾರೆ. ಅದು ನಿಲ್ಲುವ ಗೆರೆ. ಗಾಡಿಯ ಮುಂದಿನ ಚಕ್ರ ಆ ಗೆರೆಯ ಹಿಂದೆಯೇ ಇರಬೇಕು. ಗೆರೆಯ ಆಚೆ ಕಪ್ಪು ಬಿಳಿ ಪಟ್ಟೆಗಳು ಇರುತ್ತವೆ. ಅದು ಜನ ದಾಟುವ ಜಾಗ. ಅದಕ್ಕೆ ಜೀಬ್ರಾ ಪಟ್ಟೆ ಎನ್ನುತ್ತಾರೆ. ಅದು ಗಾಡಿ ನಿಲ್ಲಿಸುವ ಜಾಗ ಅಲ್ಲ. ಅದು ನಮ್ಮ ಜಾಗ. ಮಗುವನ್ನು ಎತ್ತಿಕೊಂಡು, ಬುಟ್ಟಿ ಹೊತ್ತುಕೊಂಡು ನಾವು ದಾಟುವ ಜಾಗ.

ಹಳದಿ ದೀಪವನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. "ಹಳದಿ ಬಂತು, ಬೇಗ ನುಗ್ಗು" ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಹಳದಿ ಅಂದರೆ ಕೆಂಪು ಬರುತ್ತಾ ಇದೆ ಎಂದು ಅರ್ಥ. ಗೆರೆಯ ಹಿಂದೆ ನಿಲ್ಲುವಷ್ಟು ದೂರ ಇದ್ದರೆ ನಿಲ್ಲಲೇಬೇಕು. ಗೆರೆಗೆ ಬಹಳ ಹತ್ತಿರ ಬಂದುಬಿಟ್ಟಿದ್ದರೆ, ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುವಂತಿದ್ದರೆ, ಆಗ ಮಾತ್ರ ದಾಟಿ ಹೋಗಬಹುದು.

ಇಲ್ಲಿ ಒಂದು ಲೆಕ್ಕ ನೋಡೋಣ. ಒಂದು ಸ್ಕೂಟರ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಒಂದು ಸೆಕೆಂಡಿಗೆ ಅದು ಎಷ್ಟು ದೂರ ಹೋಗುತ್ತದೆ? ಸುಮಾರು 11 ಮೀಟರ್. ಒಂದು ಸಿಟಿ ಬಸ್ಸಿನ ಉದ್ದ ಸುಮಾರು 12 ಮೀಟರ್. ಅಂದರೆ ನಾವು ಒಂದು ಸಲ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸ್ಕೂಟರ್ ಒಂದು ಬಸ್ಸಿನ ಉದ್ದದಷ್ಟು ಮುಂದೆ ಬಂದಿರುತ್ತದೆ. ಕಣ್ಣು ಕೆಂಪು ದೀಪ ನೋಡಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಇಷ್ಟು ದೂರ ಆಗಿಹೋಗುತ್ತದೆ. ಆಮೇಲೆ ಗಾಡಿ ಪೂರ್ತಿ ನಿಲ್ಲಲು ಇನ್ನೂ ಜಾಗ ಬೇಕು. ಆದ್ದರಿಂದ ದೀಪದ ಹತ್ತಿರ ಬರುವಾಗಲೇ ವೇಗ ಕಡಿಮೆ ಮಾಡಬೇಕು.

ಕೆಲವು ಹೊತ್ತು ಹಳದಿ ದೀಪ ಒಂದೇ ಮಿಣುಕುತ್ತಾ ಇರುತ್ತದೆ. ಆಗ ನಿಧಾನವಾಗಿ, ನಾಲ್ಕೂ ಕಡೆ ನೋಡಿಕೊಂಡು ಹೋಗಬೇಕು. ಕೆಂಪು ದೀಪ ಮಿಣುಕುತ್ತಾ ಇದ್ದರೆ ಒಂದು ಸಲ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗಬೇಕು. ಪೊಲೀಸಿನವರು ನಿಂತು ಕೈ ತೋರಿಸುತ್ತಿದ್ದರೆ ದೀಪಕ್ಕಿಂತ ಅವರ ಕೈಯೇ ದೊಡ್ಡದು.

"ಎಡಕ್ಕೆ ತಿರುಗುವವರು ನಿಲ್ಲಬೇಕಾಗಿಲ್ಲ" ಎಂದು ಕೆಲವರು ಹೇಳುತ್ತಾರೆ. ಹಾಗೆ ಬೋರ್ಡು ಹಾಕಿದ್ದರೆ, ಇಲ್ಲವೇ ಎಡಕ್ಕೆ ಹಸಿರು ಬಾಣದ ಗುರುತು ಬಂದಿದ್ದರೆ ಮಾತ್ರ ಹೋಗಬಹುದು. ಇಲ್ಲದಿದ್ದರೆ ಅವರೂ ನಿಲ್ಲಬೇಕು.

ಕ್ಯಾಮೆರಾ ಹೇಗೆ ನೋಡುತ್ತದೆ?

ಹಿಂದೆ ಸಿಗ್ನಲ್ ಮುರಿದವರನ್ನು ಪೊಲೀಸಿನವರೇ ಕಣ್ಣಿಂದ ನೋಡಿ ಹಿಡಿಯಬೇಕಿತ್ತು. ಒಬ್ಬರು ನಾಲ್ಕು ಕಡೆ ಹೇಗೆ ನೋಡುತ್ತಾರೆ? ಒಬ್ಬನನ್ನು ಹಿಡಿದು ಮಾತಾಡುವಷ್ಟರಲ್ಲಿ ಹತ್ತು ಜನ ಹೋಗಿಬಿಡುತ್ತಿದ್ದರು. ಈಗ ಆ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಅದಕ್ಕೆ ಊಟ ಬೇಡ, ನಿದ್ದೆ ಬೇಡ. ಹಗಲು ರಾತ್ರಿ ನೋಡುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಿ 2022ರ ಡಿಸೆಂಬರ್ ತಿಂಗಳಲ್ಲಿ 50 ದೊಡ್ಡ ಸರ್ಕಲ್‌ಗಳಲ್ಲಿ ಇಂಥ ವ್ಯವಸ್ಥೆ ಶುರುವಾಯಿತು. ಗಾಡಿಯ ನಂಬರು ಓದುವ ಕ್ಯಾಮೆರಾ 250 ಹಾಕಿದರು. ಕೆಂಪು ದೀಪ ಮುರಿಯುವುದನ್ನು ಹಿಡಿಯುವ ಕ್ಯಾಮೆರಾ 80 ಹಾಕಿದರು. 2024ರಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯಲ್ಲೂ ನಂಬರು ಓದುವ ಕ್ಯಾಮೆರಾ ಬಂದವು.

ಇದು ಕೆಲಸ ಮಾಡುವ ಬಗೆ ಹೀಗೆ:

ಒಂದನೆಯದು. ದೀಪ ಕೆಂಪಾಗಿದೆ ಎಂದು ಕ್ಯಾಮೆರಾಕ್ಕೆ ಗೊತ್ತಾಗಬೇಕು. ಅದಕ್ಕೆ ಸಿಗ್ನಲ್ ಪೆಟ್ಟಿಗೆಯಿಂದ ಕ್ಯಾಮೆರಾಕ್ಕೆ ಸಂಪರ್ಕ ಕೊಟ್ಟಿರುತ್ತಾರೆ. ಇಲ್ಲವೇ ಕ್ಯಾಮೆರಾವೇ ದೀಪದ ಬಣ್ಣ ನೋಡುತ್ತದೆ. ಹಸಿರು ಇದ್ದಾಗ ಎಷ್ಟು ಗಾಡಿ ಹೋದರೂ ಅದು ಸಿಗ್ನಲ್ ತಪ್ಪು ಬರೆದುಕೊಳ್ಳುವುದಿಲ್ಲ.

ಎರಡನೆಯದು. ಗಾಡಿ ಗೆರೆ ದಾಟಿತೇ ಎಂದು ತಿಳಿಯಬೇಕು. ಕೆಲವು ದೇಶಗಳಲ್ಲಿ ಇದಕ್ಕೆ ರಸ್ತೆಯೊಳಗೆ ತಂತಿಯ ಸುರುಳಿ ಹೂಳುತ್ತಾರೆ. ಕಬ್ಬಿಣದ ಗಾಡಿ ಅದರ ಮೇಲೆ ಬಂದಾಗ ಆ ತಂತಿಗೆ ಗೊತ್ತಾಗುತ್ತದೆ. ಹೊಸ ಕ್ಯಾಮೆರಾಗಳಿಗೆ ತಂತಿ ಬೇಡ. ಕಂಪ್ಯೂಟರಿನೊಳಗೆ, ರಸ್ತೆಯ ಚಿತ್ರದ ಮೇಲೆ ಒಂದು ಗೆರೆ ಎಳೆದಿಟ್ಟಿರುತ್ತಾರೆ. ಅಂಗಳದಲ್ಲಿ ನಾವು ರಂಗೋಲಿ ಗೆರೆ ಎಳೆಯುವ ಹಾಗೆ. ಆ ಗೆರೆ ರಸ್ತೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಕೆಂಪು ಇದ್ದಾಗ ಗಾಡಿ ಆ ಗೆರೆ ತುಳಿದರೆ ಕಂಪ್ಯೂಟರ್ ಗುರುತಿಸುತ್ತದೆ.

ಮೂರನೆಯದು. ಚಿತ್ರ ತೆಗೆಯುವುದು. ಒಂದೇ ಚಿತ್ರ ಸಾಲದು. ಕೆಂಪು ದೀಪ, ಬಿಳಿ ಗೆರೆ, ಗಾಡಿ ಮೂರೂ ಕಾಣುವ ಚಿತ್ರ ಬೇಕು. ನಂಬರ್ ಪ್ಲೇಟು ದೊಡ್ಡದಾಗಿ ಕಾಣುವ ಇನ್ನೊಂದು ಚಿತ್ರ ಬೇಕು. ಚಿತ್ರದ ಜೊತೆಗೆ ತಾರೀಖು, ಗಂಟೆ, ಜಾಗ ದಾಖಲಾಗುತ್ತವೆ. ಕತ್ತಲಲ್ಲಿಯೂ ನಂಬರ್ ಕಾಣಲಿ ಎಂದು ಕ್ಯಾಮೆರಾದ ಜೊತೆ ಒಂದು ವಿಶೇಷ ಬೆಳಕು ಇಡುತ್ತಾರೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಕಾಣುತ್ತದೆ.

ನಾಲ್ಕನೆಯದು. ನಂಬರು ಓದುವುದು. ನಾವು ಅ, ಆ, ಇ ಕಲಿತ ಹಾಗೆ ಕಂಪ್ಯೂಟರಿಗೂ ಅಕ್ಷರ, ಅಂಕಿ ಕಲಿಸಿದ್ದಾರೆ. ಅದು ಪ್ಲೇಟಿನ ಮೇಲಿನ ನಂಬರನ್ನು ಓದುತ್ತದೆ. ಆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಆರ್‌ಟಿಒ ದಾಖಲೆಯಲ್ಲಿ ಹುಡುಕುತ್ತದೆ.

ಐದನೆಯದು. ನೋಟಿಸು ಕಳಿಸುವುದು. ದಂಡದ ಚೀಟಿಗೆ ಚಲನ್ ಎನ್ನುತ್ತಾರೆ. ಆ ಹೆಸರಿನವರ ಮೊಬೈಲಿಗೆ ಮೆಸೇಜು ಬರುತ್ತದೆ. ಇಲ್ಲವೇ ಮನೆಗೆ ಕಾಗದ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ, ತಪ್ಪು ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು ಎಂದಿತ್ತು. ಕ್ಯಾಮೆರಾ ಇರುವ ಜಾಗದಲ್ಲಿ ಎಚ್ಚರಿಕೆ ಬೋರ್ಡು ಹಾಕಬೇಕು ಎಂದೂ ಆ ನಿಯಮ ಹೇಳುತ್ತದೆ.

ಹೆಲ್ಮೆಟ್ ಇಲ್ಲದೆ ಹೋಗುವುದನ್ನೂ, ಒಂದು ಬೈಕಿನಲ್ಲಿ ಮೂರು ಜನ ಕೂರುವುದನ್ನೂ ಇಂಥ ಕ್ಯಾಮೆರಾಗಳು ಹಿಡಿಯುತ್ತವೆ. ಆದ್ದರಿಂದ ಹಿಂದೆ ಕೂರುವ ಹೆಂಗಸರೂ ಹೆಲ್ಮೆಟ್ ಹಾಕಿಕೊಳ್ಳಬೇಕು. ದಂಡದ ಭಯಕ್ಕಲ್ಲ, ತಲೆ ಉಳಿಯಲಿ ಎಂದು.

ಈಗ ಒಂದು ಮುಖ್ಯ ಮಾತು. ಕ್ಯಾಮೆರಾ ಓದುವುದು ಓಡಿಸುವವರ ಮುಖವನ್ನಲ್ಲ, ಗಾಡಿಯ ನಂಬರನ್ನು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೇ ನೋಟಿಸು. ಇವತ್ತು ಎಷ್ಟೋ ಮನೆಗಳಲ್ಲಿ ಸ್ಕೂಟರ್ ಇರುವುದು ಹೆಂಗಸರ ಹೆಸರಿನಲ್ಲಿ. ಸಂಘದ ಸಾಲದಲ್ಲಿ ಕೊಂಡದ್ದು, ಒಡವೆ ಅಡ ಇಟ್ಟು ಕೊಂಡದ್ದು. ಓಡಿಸುವವರು ಮಾತ್ರ ಗಂಡನೋ ಮಗನೋ. ಅಂಥ ಒಂದು ಮನೆಯ ಕಥೆ ಕೇಳಿ. ಇದು ಪಾಠಕ್ಕಾಗಿ ಕಟ್ಟಿದ ಕಥೆ.

ನಂಜಮ್ಮ ಮೆಸೇಜು ಓದಿದಳು

ನಂಜಮ್ಮ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ ಹೂವು ಕಟ್ಟಿ ಮಾರುತ್ತಾಳೆ. ಸಂಘದ ಸಾಲದಲ್ಲಿ ಸ್ಕೂಟರ್ ಕೊಂಡಿದ್ದಾಳೆ. ಸ್ಕೂಟರ್ ಅವಳ ಹೆಸರಿನಲ್ಲಿದೆ. ದಿನಾ ಬೆಳಿಗ್ಗೆ ಮಗ ಮಂಜು ಅದರಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂವು ತರುತ್ತಾನೆ. ಅವನಿಗೆ 20 ವರ್ಷ. ಲೈಸೆನ್ಸ್ ಇದೆ.

ಒಂದು ದಿನ ನಂಜಮ್ಮನ ಮೊಬೈಲಿಗೆ ಮೆಸೇಜು ಬಂತು. ಮೊದಲಾಗಿದ್ದರೆ ಅವಳು ಮಗನ ಕೈಗೆ ಕೊಡುತ್ತಿದ್ದಳು. ಮಗ "ಯಾವುದೋ ಕಂಪನಿ ಮೆಸೇಜು ಬಿಡಮ್ಮ" ಅನ್ನುತ್ತಿದ್ದ. ಈಗ ಅವಳು ರಾತ್ರಿ ಕಲಿಕಾ ಕೇಂದ್ರಕ್ಕೆ ಹೋಗುತ್ತಾಳೆ. ಕನ್ನಡ ಅಕ್ಷರ ಬಂದಿದೆ. ಅಂಕಿ ಚೆನ್ನಾಗಿ ಬರುತ್ತದೆ.

ಮೆಸೇಜು ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿಗಳು ಅವಳಿಗೆ ಗೊತ್ತಿದ್ದವೇ. ತನ್ನ ಸ್ಕೂಟರಿನ ನಂಬರನ್ನು ಗುರುತು ಹಿಡಿದಳು. 12ನೇ ತಾರೀಖು ಎಂದು ಓದಿದಳು. 7 ಗಂಟೆ 12 ನಿಮಿಷ ಎಂದು ಓದಿದಳು. 500 ಎಂದು ಓದಿದಳು. ಕಲಿಕಾ ಕೇಂದ್ರದಲ್ಲಿ ಟೀಚರಿಗೆ ತೋರಿಸಿದಳು.

"ಟೀಚರಮ್ಮ, ಇದು ನಮ್ ಸ್ಕೂಟ್ರು ನಂಬರ್ರು. ಏನೋ ಐನೂರು ಅಂತ ಐತೆ."

ಟೀಚರ್ ಓದಿ ಹೇಳಿದರು. "ಸಿಗ್ನಲ್ ಮುರಿದದ್ದಕ್ಕೆ ದಂಡ ನಂಜಮ್ಮ. ನಿಜಾನೋ ಸುಳ್ಳೋ, ಟ್ರಾಫಿಕ್ ಪೊಲೀಸ್ ಠಾಣೆಗೆ ಹೋಗಿ ಕೇಳಿ. ಫೋಟೋ ತೋರಿಸಿ ಅನ್ನಿ. ಹೆದರಬೇಡಿ."

ಮಾರನೇ ದಿನ ನಂಜಮ್ಮ ಮಗನನ್ನೂ ಕರೆದುಕೊಂಡು ಠಾಣೆಗೆ ಹೋದಳು. ಅಲ್ಲಿದ್ದ ಪೊಲೀಸಮ್ಮ ಕಂಪ್ಯೂಟರಿನಲ್ಲಿ ನೋಡಿದರು.

"ಒಂದಲ್ಲ ಅಮ್ಮ, ಮೂರು ಸಲ ಮುರಿದಿದ್ದಾರೆ. ಒಟ್ಟು ಸಾವಿರದ ಐನೂರು."

ನಂಜಮ್ಮನ ಎದೆ ಧಸಕ್ಕೆಂದಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಮೊಳ ಹೂವಿಗೆ 20 ರೂಪಾಯಿ. 1500 ರೂಪಾಯಿಗೆ 75 ಮೊಳ. 75 ಮೊಳ ಕಟ್ಟಬೇಕು, ಮಾರಬೇಕು. ಅದರಲ್ಲಿ ಹೂವಿನ ಅಸಲೂ ಸೇರಿದೆ.

"ಫೋಟೋ ತೋರಿಸಿ ಮೇಡಂ" ಅಂದಳು.

ಪೊಲೀಸಮ್ಮ ಚಿತ್ರ ತೋರಿಸಿದರು. ದೀಪ ಕೆಂಪಗಿದೆ. ಸ್ಕೂಟರ್ ಬಿಳಿ ಗೆರೆ ದಾಟಿದೆ. ಮುಂದೆ ಹೂವಿನ ಚೀಲ. ಅದು ಮಂಜುವೇ. ಅನುಮಾನ ಇಲ್ಲ.

ಮಂಜು ಮೆಲ್ಲಗೆ ಹೇಳಿದ. "ಅಮ್ಮ, ಬೆಳಿಗ್ಗೆ ಹೊತ್ತು ರಸ್ತೆ ಖಾಲಿ ಇತ್ತು. ಅಲ್ಲಿ ಒಬ್ಬ ಪೊಲೀಸೂ ಇರ್ಲಿಲ್ಲ."

ನಂಜಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಜೀಬ್ರಾ ಪಟ್ಟೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಬುಟ್ಟಿ. ಒಂದು ಕೈಯಲ್ಲಿ ಬುಟ್ಟಿ ಹಿಡಿದಿದ್ದಾಳೆ. ಇನ್ನೊಂದು ಕೈಯಲ್ಲಿ ಸೆರಗು. ಒಂದು ಕಾಲು ಮುಂದೆ ಇಟ್ಟು ಹಿಂದಕ್ಕೆ ಎಳೆದುಕೊಂಡ ಹಾಗಿದೆ.

"ಪೊಲೀಸ್ ಇರ್ಲಿಲ್ಲ ಕಣೋ, ಸರಿ. ಈ ಯಮ್ಮ ಇದ್ಲಲ್ಲೋ" ಅಂದಳು ನಂಜಮ್ಮ. "ನಾನೂ ಹಿಂಗೇ ಬುಟ್ಟಿ ಹೊತ್ಕೊಂಡು ಹತ್ತು ವರ್ಷ ರಸ್ತೆ ದಾಟಿದೀನಿ. ಕೆಂಪು ದೀಪ ಬಿದ್ದದೆ, ಗಾಡಿ ನಿಲ್ತವೆ ಅಂತ ನಂಬ್ಕೊಂಡು ಕಾಲು ಇಡ್ತೀವಿ. ಆ ನಂಬಿಕೆ ಮೇಲೆ ನೀನು ಸ್ಕೂಟ್ರು ಹತ್ತಿಸ್ತೀಯಾ?"

ಮಂಜು ತಲೆ ಎತ್ತಲಿಲ್ಲ.

ನಂಜಮ್ಮ ದಂಡ ಕಟ್ಟಿದಳು. ರಸೀತಿ ತೆಗೆದುಕೊಂಡಳು. ರಸೀತಿಯ ಮೇಲಿನ ನಂಬರನ್ನು ತಾನೇ ಓದಿ ಸರಿಯಾಗಿದೆಯೇ ಎಂದು ನೋಡಿದಳು. ಆ 1500 ರೂಪಾಯಿಯನ್ನು ಮಂಜು ವಾರಕ್ಕೆ ಇಷ್ಟು ಎಂದು ಅಮ್ಮನಿಗೆ ವಾಪಸ್ ಕೊಡಬೇಕು ಎಂದು ಮಾತಾಯಿತು. ಮಾರುಕಟ್ಟೆಗೆ ಅವನು ಈಗ ಹತ್ತು ನಿಮಿಷ ಮುಂಚೆ ಹೊರಡುತ್ತಾನೆ.

ನೋಟಿಸು ಬಂದರೆ ಏನು ನೋಡಬೇಕು?

ಮೆಸೇಜು ಇಂಗ್ಲಿಷಿನಲ್ಲಿ ಇದ್ದರೂ ಹೆದರಬೇಡಿ. ನಿಮಗೆ ಅಂಕಿ ಬರುತ್ತದೆ. ಈ ಐದನ್ನು ನೋಡಿ.

1. ಗಾಡಿಯ ನಂಬರು. ನಿಮ್ಮ ಆರ್‌ಸಿ ಕಾರ್ಡಿನ ನಂಬರಿನ ಜೊತೆ ಒಂದೊಂದೇ ಅಂಕಿ ಹೋಲಿಸಿ. ಕ್ಯಾಮೆರಾ ಕೆಲವು ಸಲ 3 ಇದ್ದದ್ದನ್ನು 8 ಎಂದು ಓದಬಹುದು. 1 ಇದ್ದದ್ದನ್ನು 7 ಎಂದು ಓದಬಹುದು.
2. ತಾರೀಖು. ಆ ದಿನ ಗಾಡಿ ಎಲ್ಲಿತ್ತು?
3. ಗಂಟೆ. ಆ ಹೊತ್ತಿನಲ್ಲಿ ಗಾಡಿ ಯಾರ ಹತ್ತಿರ ಇತ್ತು?
4. ಜಾಗ. ಆ ರಸ್ತೆಗೆ ನಿಮ್ಮ ಗಾಡಿ ಹೋಗಿತ್ತೇ?
5. ದಂಡದ ಹಣ. ಕರ್ನಾಟಕದಲ್ಲಿ ಸಿಗ್ನಲ್ ಮುರಿದರೆ 500 ರೂಪಾಯಿ ದಂಡ.

ಆಮೇಲೆ ಫೋಟೋ ನೋಡಿ. ಅದು ನಿಮ್ಮ ಗಾಡಿಯೇ? ಅದೇ ಬಣ್ಣವೇ? ನಿಮ್ಮ ಗಾಡಿ ಅಲ್ಲದಿದ್ದರೆ ಸುಮ್ಮನೆ ದಂಡ ಕಟ್ಟಬೇಡಿ. ಆರ್‌ಸಿ ಕಾರ್ಡು ಮತ್ತು ನಿಮ್ಮ ಗಾಡಿಯ ಫೋಟೋ ತೆಗೆದುಕೊಂಡು ಟ್ರಾಫಿಕ್ ಪೊಲೀಸ್ ಠಾಣೆಗೆ ಹೋಗಿ. "ಇದು ನಮ್ಮದಲ್ಲ" ಎಂದು ಬರೆದು ಕೊಡಿ. ಬೇರೆ ಯಾರೋ ನಿಮ್ಮ ನಂಬರನ್ನು ತಮ್ಮ ಗಾಡಿಗೆ ಬರೆಸಿಕೊಂಡಿರಬಹುದು. ಅದನ್ನು ಪೊಲೀಸರಿಗೆ ತಿಳಿಸುವುದು ಒಳ್ಳೆಯದು. ಕೊಟ್ಟ ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ತಪ್ಪು ನಿಜವಾಗಿದ್ದರೆ ದಂಡವನ್ನು ಟ್ರಾಫಿಕ್ ಪೊಲೀಸ್ ಠಾಣೆಯಲ್ಲಿ ಕಟ್ಟಬಹುದು. ಬೆಂಗಳೂರಿನಲ್ಲಿ ಬೆಂಗಳೂರು ಒನ್ ಕೇಂದ್ರದಲ್ಲಿಯೂ ಕಟ್ಟಬಹುದು. ರಸೀತಿ ಇಲ್ಲದೆ ಯಾರ ಕೈಗೂ ಹಣ ಕೊಡಬೇಡಿ.

"ಬಿಡು, ಮುಂದೆ ರಿಯಾಯಿತಿ ಬರುತ್ತದೆ" ಎಂದು ಕೆಲವರು ಹೇಳುತ್ತಾರೆ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿಯನ್ನು ಸರ್ಕಾರ 2023ರಲ್ಲಿ ಕೊಟ್ಟಿತ್ತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿತ್ತು. ಆದರೆ ಅದನ್ನೇ ನಂಬಿ ಕೂತರೆ ದಂಡದ ಮೇಲೆ ದಂಡ ಬೆಳೆಯುತ್ತಾ ಹೋಗುತ್ತದೆ. ಮತ್ತೆ ಮತ್ತೆ ಸಿಗ್ನಲ್ ಮುರಿಯುವವರ ಲೈಸೆನ್ಸನ್ನು ಅಮಾನತು ಮಾಡಲೂ ಅವಕಾಶ ಇದೆ. ಅಮಾನತು ಅಂದರೆ ಕೆಲವು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. ಆಟೋ ಓಡಿಸಿ ಬದುಕುವ ಮನೆಯಲ್ಲಿ ಹೀಗಾದರೆ ಒಲೆ ಉರಿಯುವುದು ಹೇಗೆ?

ಮೋಸದ ಮೆಸೇಜು

ಈಗ ಒಂದು ಹೊಸ ಮೋಸ ಶುರುವಾಗಿದೆ. ಕಳ್ಳರು ಪೊಲೀಸರ ಹೆಸರಿನಲ್ಲಿ ಸುಳ್ಳು ಮೆಸೇಜು ಕಳಿಸುತ್ತಾರೆ. "ನಿಮ್ಮ ಗಾಡಿಗೆ ದಂಡ ಬಿದ್ದಿದೆ. ಇದನ್ನು ಒತ್ತಿ" ಎಂದು ವಾಟ್ಸಾಪ್‌ನಲ್ಲಿ ಬರುತ್ತದೆ. ಒತ್ತಿದರೆ ಮೊಬೈಲಿನೊಳಗೆ ಕಳ್ಳ ಆ್ಯಪ್ ಸೇರಿಕೊಳ್ಳುತ್ತದೆ. ಬ್ಯಾಂಕಿನ ಹಣ ಹೋಗುತ್ತದೆ.

ಆದ್ದರಿಂದ ಮೆಸೇಜಿನಲ್ಲಿ ಬಂದದ್ದನ್ನು ಒತ್ತಬೇಡಿ. ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ಓಟಿಪಿ ನಂಬರನ್ನು ಯಾರಿಗೂ ಹೇಳಬೇಡಿ. ನೇರವಾಗಿ ಠಾಣೆಗೋ ಬೆಂಗಳೂರು ಒನ್ ಕೇಂದ್ರಕ್ಕೋ ಹೋಗಿ ಗಾಡಿಯ ನಂಬರ್ ಹೇಳಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930 ಎಂಬ ನಂಬರಿಗೆ ಫೋನು ಮಾಡಿ.

ಗಾಡಿ ನಿಮ್ಮ ಹೆಸರಿನಲ್ಲಿದ್ದರೆ

• ಆರ್‌ಸಿ ಕಾರ್ಡು ನಿಮ್ಮ ಹತ್ತಿರವೇ ಇರಲಿ. ಅದರ ಒಂದು ಪ್ರತಿ ಗಾಡಿಯಲ್ಲಿರಲಿ.
• ಮೊಬೈಲ್ ನಂಬರ್ ಬದಲಾದರೆ ಆರ್‌ಟಿಒ ದಾಖಲೆಯಲ್ಲೂ ಬದಲಾಯಿಸಿ. ಇಲ್ಲದಿದ್ದರೆ ಮೆಸೇಜು ಹಳೆಯ ನಂಬರಿಗೆ ಹೋಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ.
• ಗಾಡಿ ಮಾರಿದರೆ ಹಣ ಬಂತು, ಮುಗಿಯಿತು ಎಂದು ಬಿಡಬೇಡಿ. 29 ಮತ್ತು 30ನೇ ನಮೂನೆಯ ಅರ್ಜಿ ಕೊಟ್ಟು ಕೊಂಡವರ ಹೆಸರಿಗೆ ಮಾಡಿಸಿ. ಅಲ್ಲಿಯವರೆಗೆ ಅವರ ತಪ್ಪಿಗೆ ನೋಟಿಸು ನಿಮಗೇ ಬರುತ್ತದೆ.
• 18 ವರ್ಷ ತುಂಬದ, ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ಗಾಡಿಯ ಕೀ ಕೊಡಬೇಡಿ. 2019ರಲ್ಲಿ ತಿದ್ದಿದ ಕಾನೂನಿನ ಪ್ರಕಾರ ಗಾಡಿಯ ಮಾಲೀಕರಿಗೆ, ತಂದೆ ತಾಯಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು.

ಸಿಗ್ನಲ್ ಮುರಿಯದ ಹಾಗೆ

ಗಾಡಿ ಓಡಿಸುವವರಿಗೆ:

• ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಡಿ. ಸಿಗ್ನಲ್ ಮುರಿಯುವುದು ಕೆಟ್ಟತನದಿಂದ ಮಾತ್ರ ಅಲ್ಲ, ಗಡಿಬಿಡಿಯಿಂದ.
• ದೂರದಿಂದಲೇ ದೀಪ ನೋಡಿ. ಹತ್ತಿರ ಬರುವಾಗ ವೇಗ ಇಳಿಸಿ.
• ದೊಡ್ಡ ಬಸ್ಸು, ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ. ಮುಂದಿನ ದೀಪ ಕಾಣುವುದಿಲ್ಲ. ಬಸ್ಸು ದಾಟುವಷ್ಟರಲ್ಲಿ ನಿಮಗೆ ಕೆಂಪು ಬಂದಿರುತ್ತದೆ.
• ಹಿಂದಿನವರು ಹಾರನ್ ಹೊಡೆದರು ಎಂದು ಗೆರೆ ದಾಟಬೇಡಿ. ದಂಡ ಬೀಳುವುದು ಹಾರನ್ ಹೊಡೆದವರಿಗಲ್ಲ, ನಿಮಗೆ.
• ಹಸಿರು ಬಂದ ಕೂಡಲೇ ಹಾರಬೇಡಿ. ಪಟ್ಟೆಯ ಮೇಲೆ ಇನ್ನೂ ಯಾರಾದರೂ ದಾಟುತ್ತಿರಬಹುದು.

ಆಟೋದಲ್ಲಿ, ಬೈಕಿನಲ್ಲಿ ಕೂರುವವರಿಗೆ:

• "ಬೇಗ ಹೋಗಪ್ಪ, ಯಾರೂ ಇಲ್ಲ, ದಾಟಿಬಿಡು" ಎಂದು ಹೇಳಬೇಡಿ.
• "ಪರವಾಗಿಲ್ಲ, ನಿಲ್ಲಿಸಪ್ಪ" ಎಂದು ಹೇಳಿ. ಈ ಒಂದು ಮಾತು ನಾವು ಹೇಳಬಲ್ಲೆವು.

ನಡೆದು ಹೋಗುವವರಿಗೆ:

• ಜೀಬ್ರಾ ಪಟ್ಟೆಯ ಮೇಲೆಯೇ ದಾಟಿ. ನಿಂತ ಬಸ್ಸಿನ ಮುಂದಿನಿಂದ ನುಸುಳಿ ದಾಟಬೇಡಿ.
• ನಡೆಯುವ ಮನುಷ್ಯನ ಹಸಿರು ಚಿತ್ರ ಬಂದರೆ ದಾಟಬಹುದು. ನಿಂತ ಮನುಷ್ಯನ ಕೆಂಪು ಚಿತ್ರ ಇದ್ದರೆ ನಿಲ್ಲಬೇಕು.
• ನಮ್ಮ ಸರದಿ ಬಂದರೂ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ಕಾಲಿಡಿ. ಕ್ಯಾಮೆರಾ ತಪ್ಪು ಮಾಡಿದವರ ಚಿತ್ರ ತೆಗೆಯುತ್ತದೆ. ಬರುವ ಗಾಡಿಯನ್ನು ಅದು ತಡೆಯಲಾರದು.
• ಮಕ್ಕಳ ಕೈಯನ್ನು ನೀವು ಹಿಡಿಯಿರಿ. ನಿಮ್ಮ ಕೈಯನ್ನು ಅವರು ಹಿಡಿದರೆ ಸಾಲದು.

ಎಲ್ಲ ರಸ್ತೆಗೂ ಕ್ಯಾಮೆರಾ ಹಾಕಲು ಆಗುವುದಿಲ್ಲ. ಎಲ್ಲ ಹೊತ್ತಿನಲ್ಲೂ ಪೊಲೀಸರು ಇರುವುದಿಲ್ಲ. ಆದರೆ ಎಲ್ಲ ರಸ್ತೆಯಲ್ಲೂ ದಾಟುವ ಒಬ್ಬ ತಾಯಿ, ಒಂದು ಮಗು, ಒಬ್ಬ ಅಜ್ಜ ಇರುತ್ತಾರೆ. ಕೆಂಪು ದೀಪ ಅವರಿಗಾಗಿ.

ಮಾಡಿ ನೋಡಿ

1. ಹೊಸ ಪದಗಳನ್ನು ಓದಿ, ಬರೆಯಿರಿ:
ಸರದಿ, ಗೆರೆ, ಪಟ್ಟೆ, ದಂಡ, ರಸೀತಿ, ನೋಟಿಸು, ಠಾಣೆ, ತಾರೀಖು, ಅಮಾನತು.

2. ಬಿಟ್ಟ ಜಾಗ ತುಂಬಿ:
ಕೆಂಪು ದೀಪ ಬಂದರೆ ______ ಬೇಕು.
ಬಿಳಿ ಗೆರೆಯ ______ ಗಾಡಿ ನಿಲ್ಲಬೇಕು.
ನೋಟಿಸು ಬರುವುದು ಗಾಡಿ ಯಾರ ______ ಇದೆಯೋ ಅವರಿಗೆ.

3. ಲೆಕ್ಕ ಮಾಡಿ:
ಒಂದು ಸಲ ಸಿಗ್ನಲ್ ಮುರಿದರೆ 500 ರೂಪಾಯಿ. ನಾಲ್ಕು ಸಲ ಮುರಿದರೆ ಎಷ್ಟು? ಆ ಹಣದಲ್ಲಿ ನಿಮ್ಮ ಮನೆಗೆ ಎಷ್ಟು ದಿನದ ಅಕ್ಕಿ ಬೇಳೆ ಬರುತ್ತದೆ?

4. ನಿಮ್ಮ ಮನೆಯ ಗಾಡಿಯ ಆರ್‌ಸಿ ಕಾರ್ಡು ತೆಗೆದು ನೋಡಿ. ಅದು ಯಾರ ಹೆಸರಿನಲ್ಲಿದೆ? ಗಾಡಿಯ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

5. ಕಲಿಕಾ ಕೇಂದ್ರದಲ್ಲಿ ಮಾತಾಡಿ:
ನಿಮ್ಮ ಊರಿನಲ್ಲಿ ರಸ್ತೆ ದಾಟಲು ಎಲ್ಲಿ ಕಷ್ಟ? ಅಲ್ಲಿ ಜೀಬ್ರಾ ಪಟ್ಟೆ ಇದೆಯೇ? ಇದ್ದದ್ದು ಅಳಿಸಿ ಹೋಗಿದೆಯೇ? ಎಲ್ಲರೂ ಸೇರಿ ಪಂಚಾಯಿತಿಗೋ ನಗರಸಭೆಗೋ ಒಂದು ಅರ್ಜಿ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಬೇಡ, ಸಹಿಯೇ ಹಾಕಿ.